ಜ್ವರ ಇಳಿದಿದೆ ಮೇಡಂ, ನಾಳೆ ದೋಣಿ ಹತ್ತಬಹುದಾ?

ಪ್ರಶ್ನೆ (ಬುಧವಾರ ಬೆಳಗ್ಗೆ): ನಮಸ್ಕಾರ ಮೇಡಂ. ಹಾಸನದವನು, ವಯಸ್ಸು 27. ಒಬ್ಬನೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಥಾಯ್ಲೆಂಡ್ ಸುತ್ತುತ್ತಿದ್ದೇನೆ. ಈಗ ಉತ್ತರದ ಪಾಯ್ ಊರಿನ ಹಾಸ್ಟೆಲ್‌ನಲ್ಲಿದ್ದೇನೆ. ಭಾನುವಾರ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಚಳಿ ಬಂತು, ರಾತ್ರಿ 103 ಜ್ವರ. ಕಣ್ಣುಗುಡ್ಡೆ ಹಿಂದೆ ನೋವು, ಸೊಂಟ ಮುರಿದು ಹೋದ ಹಾಗೆ. ಎಂಟು ಜನರ ರೂಮು, ನನ್ನದು ಮೇಲಿನ ಬಂಕ್. ನೀರು ಕುಡಿದರೆ ಮತ್ತೆ ಮತ್ತೆ ಏಣಿ ಇಳಿಯಬೇಕಲ್ಲ ಅಂತ ಸರಿಯಾಗಿ ನೀರೇ ಕುಡಿದಿಲ್ಲ. ಮೈಕೈ ನೋವಿಗೆ ಬ್ಯಾಗ್‌ನಲ್ಲಿದ್ದ ಐಬುಪ್ರೊಫೇನ್ ನಾಲ್ಕು ತಗೊಂಡೆ.

ಇವತ್ತು ಜ್ವರ 99ಕ್ಕೆ ಇಳಿದಿದೆ. ಸುಸ್ತು ಜಾಸ್ತಿ, ಬೆಳಗ್ಗೆಯಿಂದ ಎರಡು ಸಲ ವಾಂತಿ. ನಾಳೆ ಇಲ್ಲಿಂದ ವ್ಯಾನ್‌ನಲ್ಲಿ ಚಿಯಾಂಗ್ ಖೋಂಗ್‌ಗೆ ಹೋಗಿ, ಗಡಿ ದಾಟಿ, ಲಾವೋಸ್‌ನಲ್ಲಿ ಲುವಾಂಗ್ ಪ್ರಬಾಂಗ್‌ಗೆ ಹೋಗುವ ದೋಣಿ ಹತ್ತಬೇಕು. ದುಡ್ಡು ಕಟ್ಟಿ ಆಗಿದೆ. ಜ್ವರ ಇಳಿದಿದೆಯಲ್ಲ, ಹೋಗಬಹುದಾ?

ಡಾಕ್ಟರ್: ಬೇಡ. ಇದನ್ನು ಓದಿ ಮುಗಿಸಿದ ತಕ್ಷಣ ಆಸ್ಪತ್ರೆಗೆ ಹೋಗಿ. ಪಾಯ್‌ನಲ್ಲೇ ಸರ್ಕಾರಿ ಆಸ್ಪತ್ರೆ ಇದೆ. ಒಬ್ಬರೇ ಹೋಗಬೇಡಿ, ಹಾಸ್ಟೆಲ್‌ನವರನ್ನು ಕರೆದುಕೊಂಡು ಹೋಗಿ. ಸ್ಕೂಟರ್ ಅಂತೂ ನೀವು ಓಡಿಸಲೇಬೇಡಿ.

ನೀವು ಹೇಳಿದ್ದು ಡೆಂಗಿಯ ಹಾಗೆ ಕೇಳಿಸುತ್ತಿದೆ. ಟೆಸ್ಟ್ ಮಾಡದೆ ಖಾತ್ರಿಯಾಗಿ ಹೇಳಲು ಆಗಲ್ಲ, ಮಲೇರಿಯಾ, ಟೈಫಾಯ್ಡ್ ಕೂಡ ನೋಡಬೇಕು. ಆದರೆ ಡೆಂಗಿ ಆಗಿದ್ದರೆ ಜ್ವರ ಇಳಿಯುವ ದಿನವೇ ಅಪಾಯದ ದಿನ. ನಮ್ಮೂರಲ್ಲೂ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತದೆ. ಆಗ ಕೆಲವರಿಗೆ ರಕ್ತನಾಳಗಳಿಂದ ನೀರಿನ ಅಂಶ ಸೋರಲು ಶುರುವಾಗುತ್ತದೆ. ಮೈ ತಣ್ಣಗಿರುತ್ತದೆ, ಒಳಗೆ ಬಿಪಿ ಕುಸಿಯುತ್ತಿರುತ್ತದೆ. ಈ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಬೇಕು. ನಿಮಗೆ ಇವತ್ತು ನಾಲ್ಕನೇ ದಿನ, ಮೇಲಿಂದ ವಾಂತಿ ಬೇರೆ.

ಆ ದೋಣಿ ನನಗೆ ಗೊತ್ತು. ಮೆಕಾಂಗ್ ನದಿಯಲ್ಲಿ ಎರಡು ದಿನ, ನಡುವೆ ಪಾಕ್‌ಬೆಂಗ್ ಅನ್ನುವ ಸಣ್ಣ ಊರಲ್ಲಿ ಒಂದು ರಾತ್ರಿ. ಚೆಂದದ ಪ್ರಯಾಣ, ಸುಳ್ಳು ಹೇಳಲ್ಲ. ಆದರೆ ನಡುನೀರಲ್ಲಿ ಹೊಟ್ಟೆ ಹಿಡಿದುಕೊಂಡು ಕೂತರೆ ಡ್ರಿಪ್ ಹಾಕುವವರು ಯಾರು? ದೋಣಿಯ ದುಡ್ಡು ಹೋದರೆ ಹೋಗಲಿ.

ಐಬುಪ್ರೊಫೇನ್ ಇನ್ನು ಒಂದೂ ಬೇಡ. ಆಸ್ಪಿರಿನ್, ಡೈಕ್ಲೋಫೆನಾಕ್ ಕೂಡ ಬೇಡ. ರಕ್ತಸ್ರಾವ ಜಾಸ್ತಿಯಾಗಬಹುದು. ತಗೊಂಡಿದ್ದನ್ನು ಅಲ್ಲಿನ ಡಾಕ್ಟರಿಗೆ ಮರೆಯದೆ ಹೇಳಿ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆರು ಗಂಟೆಗೊಮ್ಮೆ, ದಿನಕ್ಕೆ 500 ಮಿಲಿಗ್ರಾಂನ ಆರು ಮಾತ್ರೆ ದಾಟದ ಹಾಗೆ. ಡೆಂಗಿಯಲ್ಲಿ ಲಿವರ್‌ಗೂ ಪೆಟ್ಟು ಬೀಳುವುದರಿಂದ ಕೈ ಬಿಗಿ ಹಿಡಿಯುವುದು ಒಳ್ಳೆಯದು. ಅಲ್ಲಿ ಕೆಲವು ಅಂಗಡಿಗಳಲ್ಲಿ ನಾಲ್ಕೈದು ಬಣ್ಣದ ಮಾತ್ರೆ ಒಂದೇ ಪೊಟ್ಟಣಕ್ಕೆ ಹಾಕಿ ಕೊಡುತ್ತಾರೆ, ‘ಯಾ ಚುತ್’ ಅಂತಾರೆ. ಅದರಲ್ಲಿ ಸ್ಟಿರಾಯ್ಡ್ ಇರಬಹುದು, ಬೇರೆ ನೋವಿನ ಮಾತ್ರೆಯೂ ಇರಬಹುದು. ಮುಟ್ಟಬೇಡಿ.

ಕೌಂಟರ್‌ನಲ್ಲಿ ‘ಖೈ ಲುಯೆತ್ ಓಕ್’ ಅನ್ನಿ. ಥಾಯ್ ಭಾಷೆಯಲ್ಲಿ ಡೆಂಗಿಗೆ ಅದೇ ಹೆಸರು, ರಕ್ತ ಹೊರಬರುವ ಜ್ವರ ಅಂತ ಅರ್ಥ. ಜ್ವರ ಶುರುವಾದ ದಿನ, ಹೊತ್ತು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಲ್ಲಿ ರಕ್ತ, ಕಪ್ಪು ಮಲ, ಎದ್ದರೆ ತಲೆಸುತ್ತು, ಆರು ಗಂಟೆಯಾದರೂ ಮೂತ್ರ ಬಾರದಿರುವುದು, ಇದರಲ್ಲಿ ಒಂದು ಕಂಡರೂ 1669ಕ್ಕೆ ಫೋನ್ ಮಾಡಿಸಿ. ಅದು ಅಲ್ಲಿನ ಆಂಬುಲೆನ್ಸ್ ನಂಬರ್.

ಹಾಗೇ, ಬಂಕ್ ಕೆಳಗಿನದಕ್ಕೆ ಬದಲಾಯಿಸಿಕೊಳ್ಳಿ. ಒಆರ್‌ಎಸ್ ಕಲಸಿ ಬಾಟಲ್ ತಲೆದಿಂಬಿನ ಪಕ್ಕ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯಿರಿ. ಮೈಗೆ ಸೊಳ್ಳೆ ಕ್ರೀಮ್ ಹಚ್ಚಿ. ಈಗ ನಿಮ್ಮನ್ನು ಕಚ್ಚಿದ ಸೊಳ್ಳೆ ಮುಂದೆ ರೂಮಿನ ಉಳಿದ ಏಳು ಜನರಿಗೂ ಡೆಂಗಿ ಹಂಚಬಹುದು.

ಮತ್ತೊಬ್ಬರು: ನನ್ನ ಮಗಳು ಮುಂದಿನ ತಿಂಗಳು ವಿಯೆಟ್ನಾಂಗೆ ಹೋಗ್ತಿದ್ದಾಳೆ. ಪರಂಗಿ ಎಲೆ ರಸದ ಮಾತ್ರೆ ಕಟ್ಟಿ ಕಳಿಸಲಾ ಡಾಕ್ಟ್ರೇ?

ಡಾಕ್ಟರ್: ಬೇಡಮ್ಮಾ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡುತ್ತಾ ಪರಂಗಿ ಎಲೆ, ಕಿವಿ ಹಣ್ಣು ಅಂತ ಓಡಾಡುತ್ತೇವೆ. ಜೀವ ಉಳಿಸುವುದು ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ಸಿಗುವ ನೀರಿನಂಶ. ಅದರ ಬದಲು ಒಆರ್‌ಎಸ್, ಪ್ಯಾರಾಸಿಟಮಾಲ್, ಥರ್ಮಾಮೀಟರ್, ಸೊಳ್ಳೆ ಕ್ರೀಮ್ ಕಳಿಸಿ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಬೆಳಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ.

ಕೇಳಿದವರು (ಶುಕ್ರವಾರ): ಮೇಡಂ, ಅಡ್ಮಿಟ್ ಆಗಿದ್ದೇನೆ. ಡೆಂಗಿಯೇ. ಬಿಪಿ ಪಟ್ಟಿ ಬಿಚ್ಚಿದ ಮೇಲೆ ತೋಳಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ ಎದ್ದವು. ಪ್ಲೇಟ್‌ಲೆಟ್ 62 ಸಾವಿರ. ಪ್ಲೇಟ್‌ಲೆಟ್ ಹಾಕಿ ಅಂದರೆ ಹಾಕ್ತಿಲ್ಲ, ಮೂತ್ರ ಅಳೆಯುತ್ತಾರೆ, ರಕ್ತ ತೆಗೆಯುತ್ತಾರೆ, ಅಷ್ಟೇ. ಅಮ್ಮ ಫೋನಲ್ಲಿ ಅಳ್ತಿದ್ದಾರೆ.

ಡಾಕ್ಟರ್: ಅವರು ಮಾಡುತ್ತಿರುವುದೇ ಸರಿ. ರಕ್ತಸ್ರಾವ ಇಲ್ಲದಿದ್ದರೆ 62 ಸಾವಿರಕ್ಕೆ ಯಾರೂ ಪ್ಲೇಟ್‌ಲೆಟ್ ಹಾಕಲ್ಲ. ಪದೇ ಪದೇ ರಕ್ತ ತೆಗೆಯುವುದು ಪಿಸಿವಿ ನೋಡಲು, ಅಂದರೆ ರಕ್ತ ಗಟ್ಟಿಯಾಗುತ್ತಿದೆಯಾ ಅಂತ. ಅದು ಏರಿದರೆ ನೀರಿನಂಶ ಸೋರುತ್ತಿದೆ ಅಂತ ಅರ್ಥ. ಡ್ರಿಪ್ ಎಷ್ಟು ಬೇಕು ಅಂತ ಅದರ ಮೇಲೆ ಲೆಕ್ಕ ಹಾಕುತ್ತಾರೆ. ಹೆಚ್ಚು ಹಾಕಿದರೂ ಕಷ್ಟ, ಶ್ವಾಸಕೋಶದ ಸುತ್ತ ನೀರು ತುಂಬುತ್ತದೆ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಮುಖ ತೋರಿಸಿ. ಬೆಳಗ್ಗೆ ‘ಜೋಕ್’ ಕೊಟ್ಟರೆ ಬೇಡ ಅನ್ನಬೇಡಿ, ನಮ್ಮ ಅಕ್ಕಿ ಗಂಜಿಯೇ ಅದು.

ಇನ್ಶೂರೆನ್ಸ್ ಇದ್ದರೆ ಇವತ್ತೇ ಪಾಲಿಸಿಯಲ್ಲಿರುವ ಸಹಾಯವಾಣಿಗೆ ತಿಳಿಸಿ. ಇದು ನನ್ನ ವಿಷಯ ಅಲ್ಲ, ಪೇಷೆಂಟ್‌ಗಳ ಫಾರಂಗೆ ಸಹಿ ಹಾಕಿ ಹಾಕಿ ಕಲಿತದ್ದು. ಬಿಲ್, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷ್‌ನಲ್ಲಿ ಕೇಳಿ ತಗೊಳ್ಳಿ. ಬಳಸದ ದೋಣಿ ಟಿಕೆಟ್ ಕೂಡ ಎಸೆಯಬೇಡಿ.

ಕೇಳಿದವರು (ಮಂಗಳವಾರ): ಡಿಸ್ಚಾರ್ಜ್ ಆಯ್ತು. ಅಂಗೈ ಅಂಗಾಲು ಇರುವೆ ಹರಿದ ಹಾಗೆ ತುರಿಸ್ತಿದೆ. ಶುಕ್ರವಾರಕ್ಕೆ ಇಲ್ಲಿರಬಹುದಾದ ಗಡುವು ಮುಗಿಯುತ್ತೆ. ಓಡಿ ಹೋಗಿ ಫ್ಲೈಟ್ ಹತ್ತಲಾ?

ಡಾಕ್ಟರ್: ತುರಿಕೆ ವಾಸಿಯಾಗುವ ಹಂತದ್ದು. ತಣ್ಣೀರ ಬಟ್ಟೆ ಒತ್ತಿ, ಕೆರೆಯಬೇಡಿ.

ಫ್ಲೈಟ್ ಸಿಗುವುದು ಚಿಯಾಂಗ್ ಮಾಯ್ ನಗರದಲ್ಲಿ, ಪಾಯ್‌ನಿಂದ ಅಲ್ಲಿಗೆ 762 ತಿರುವು. ಚೆನ್ನಾಗಿರುವವರೇ ಕವರ್ ಹಿಡಿದು ಕೂರುವ ರಸ್ತೆ. ನಾಳೆ ಒಂದು ದಿನ ಮಲಗಿ, ಗುರುವಾರ ಹೊರಡಿ. ಸೋಮಾರಿತನ ಅಂತ ಬೇಜಾರು ಬೇಡ, ಈ ಸುಸ್ತು ಕೆಲವು ವಾರ ಇರುತ್ತದೆ. ಆಸ್ಪತ್ರೆಯಿಂದ ಎರಡು ಪತ್ರ ಕೇಳಿ: ಒಂದು ವಿಮಾನ ಹತ್ತಬಹುದು ಅಂತ, ಇನ್ನೊಂದು ಇಷ್ಟು ದಿನ ವಿಶ್ರಾಂತಿ ಬೇಕು ಅಂತ. ಎರಡನೆಯದನ್ನು ಹಿಡಿದು ಗಡುವು ಮುಗಿಯುವ ಮುಂಚೆಯೇ ಚಿಯಾಂಗ್ ಮಾಯ್ ಇಮಿಗ್ರೇಷನ್ ಕಚೇರಿಯಲ್ಲಿ ಅವಧಿ ವಿಸ್ತರಿಸಲು ಅರ್ಜಿ ಹಾಕಬಹುದು, ಶುಲ್ಕ 1,900 ಬಾತ್. ಹಾಗೇ ಉಳಿದುಬಿಟ್ಟರೆ ದಿನಕ್ಕೆ 500 ಬಾತ್ ದಂಡ, ಪೊಲೀಸರ ಕೈಗೆ ಸಿಕ್ಕರೆ ಅದು ಬೇರೆಯೇ ತಲೆನೋವು.

ಲಾವೋಸ್ ಈ ಸಲಕ್ಕೆ ಬಿಡಿ. ಇನ್ನೊಂದು ವಿಷಯ: ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದವರಿಗೆ ಮುಂದೆ ಬೇರೆ ಬಗೆಯದ್ದು ಬಂದರೆ ಜೋರಾಗುವ ಸಾಧ್ಯತೆ ಜಾಸ್ತಿ. ಹಾಸನಕ್ಕೆ ಹೋದ ಮೇಲೆ ಒಂದು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ಇಲ್ಲೇ ಹಾಕಿ.