ಸಹಾಯ ಬೇಕು: ಕಥೆಯ ಎಳೆ ಸಿಕ್ಕಿದೆ, ಹೆಣಿಗೆ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಸಣ್ಣಕಥೆ ಬರೆಯಬೇಕೆಂದು ಕುಳಿತು ಮೂರು ವಾರವಾಯಿತು. ಎಳೆ ಇಷ್ಟೇ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಮನೆ ಬಿಟ್ಟು ಬಂದ ಅಜ್ಜಿ, ಈಗ ಒಂದು ಬೇಸಿಗೆಯಲ್ಲಿ ನೀರು ಇಳಿದಾಗ ತನ್ನ ಹಳೆಯ ಅಂಗಳ ನೋಡಲು ಹೊರಡುತ್ತಾಳೆ.

ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ಒಂದೊಂದು ದೃಶ್ಯ ಬರೆದು ನೆಲದ ಮೇಲೆ ಹರಡಿದೆ. ಹದಿನಾಲ್ಕಾದವು. (ಮೊಮ್ಮಗಳು ಫ್ಯಾನ್ ಹಾಕಿ ಅವುಗಳಿಗೆ ಬೇರೆಯೇ ಅನುಕ್ರಮ ಕೊಟ್ಟಳು, ನನ್ನದಕ್ಕಿಂತ ಅದೇ ವಾಸಿ.) ಆಮೇಲೆ ಕಥೆಯನ್ನು ಒಂದೇ ವಾಕ್ಯದಲ್ಲಿ ಹೇಳಲು ಹೋಗಿ ಸಿಕ್ಕಿಬಿದ್ದೆ. ಅಜ್ಜಿಗೆ ನಿಜವಾಗಿ ಬೇಕಾದದ್ದು ಏನು, ಅದಕ್ಕೆ ಅಡ್ಡ ಬರುವುದು ಏನು ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ. ನೆನಪುಗಳು ರಾಶಿ ಬಿದ್ದಿವೆ, ಕಥೆಯಾಗುತ್ತಿಲ್ಲ.

ಕೊನೆಯ ದೃಶ್ಯವನ್ನು ಮೊದಲು ಬರೆದು ಅಲ್ಲಿಂದ ಹಿಂದಕ್ಕೆ ಬರುವವರು ಇಲ್ಲಿ ಯಾರಾದರೂ ಇದ್ದೀರಾ? ಹಾಗೆ ಮಾಡಿದರೆ ಬರೆಯುವ ಹುಮ್ಮಸ್ಸು ಒಣಗಿಹೋಗುವುದಿಲ್ಲವೇ? 60 ವರ್ಷದ ಹಿನ್ನೆಲೆಯನ್ನು ಒಂದು ದಿನದ ಪಯಣದೊಳಗೆ ತರುವುದು ಹೇಗೆ? ಮಿತಿ 2,000 ಪದ. ದೊಡ್ಡ ನಕ್ಷೆಗಳು ಬೇಡ, ಒಂದು ಪುಟದಲ್ಲಿ ಮುಗಿಯುವ ಉಪಾಯ ಸಾಕು. ನಿಮ್ಮದೇ ಕಥೆಯೊಂದಕ್ಕೆ ಹಾಕಿಕೊಂಡ ಟಿಪ್ಪಣಿಯ ಫೋಟೊ ಹಾಕಿದರೆ ಇನ್ನೂ ಉಪಕಾರ.