5.1.2, ಇಎಆರ್‌ಸಿ, ಆಟ್ಮಾಸ್: ಇದೆಲ್ಲ ಏನು? ಬಿಡಿಸಿ ಹೇಳ್ರಿ

ಪ್ರಶ್ನೆ (ಕಲಬುರಗಿ)
ನಮಸ್ಕಾರ ರೀ. ಟಿವಿಗೆ ಹೊಸ ಸೌಂಡ್‌ಬಾರ್ (ಉದ್ದನೆಯ ಸ್ಪೀಕರ್) ತಗೊಂಡೆ. ಡಬ್ಬಿ ಮೇಲೆ 5.1.2, ಇಎಆರ್‌ಸಿ, ಆಟ್ಮಾಸ್ ಅಂತ ಬರೆದಿದೆ. ಅಂಗಡಿ ಹುಡುಗ ಆಪ್ಟಿಕಲ್ ವೈರ್ ಚುಚ್ಚಿ ಹೋದ. ಫೈಟ್ ಬಂದ್ರೆ ಕಿಟಕಿ ನಡುಗುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಅವ್ವ ಟಿವಿ ಹತ್ತಿರ ಕುರ್ಚಿ ಎಳ್ಕೊಂಡು ಕೂರ್ತಾಳೆ.

ಉತ್ತರ 1
ಮೊದಲು ಆ ವೈರ್ ಬದಲಿಸ್ರಿ. ಆಟ್ಮಾಸ್ ಅಂದ್ರೆ ಸುತ್ತಲಿನಿಂದಷ್ಟೇ ಅಲ್ಲ, ಮೇಲಿನಿಂದಲೂ ಸೌಂಡ್ ಕೇಳಿಸುವಂತೆ ಮಾಡುವ ಡಾಲ್ಬಿ ತಂತ್ರ. ಬೆಳಕಿನ ಮೂಲಕ ಸೌಂಡ್ ಒಯ್ಯುವ ಆಪ್ಟಿಕಲ್ ವೈರ್‌ನಲ್ಲಿ ಅದು ಬರುವುದೇ ಇಲ್ಲ. ಟಿವಿ ಹಿಂದೆ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಕಿಂಡಿ ಇರುತ್ತದೆ, ಎಚ್‌ಡಿಎಂಐ ವೈರ್ ಅದಕ್ಕೇ ಹಾಕಬೇಕು, ಪಕ್ಕದ್ದಕ್ಕಲ್ಲ. ಟಿವಿಯ ಸೌಂಡ್ ಸೌಂಡ್‌ಬಾರ್‌ಗೆ ವಾಪಸ್ ಹೋಗುವ ದಾರಿ ಅದು. ಇಎಆರ್‌ಸಿಯಲ್ಲಿ ಆ ದಾರಿ ಇನ್ನೂ ಅಗಲ, ಅಂದ್ರೆ ಹೆಚ್ಚು ಸೌಂಡ್ ಮಾಹಿತಿ ಹಿಡಿಸುತ್ತದೆ. 5.1.2ರಲ್ಲಿ 5 ಅಂದ್ರೆ ಸುತ್ತಲಿನ ಚಾನೆಲ್ (ಸೌಂಡಿನ ಬೇರೆ ಬೇರೆ ಪಾಲು), 1 ಸಬ್‌ವೂಫರ್ (ಗುಡುಗಿನಂಥ ದಪ್ಪ ಸೌಂಡಿನ ಸ್ಪೀಕರ್), 2 ಮೇಲಿನಿಂದ ಕೇಳಿಸುವ ಸೌಂಡಿಗೆ. ಮಾತು ಹೆಚ್ಚಾಗಿ ನಡುವಿನ ಸೆಂಟರ್ ಚಾನೆಲ್‌ನಿಂದ ಬರುತ್ತದೆ. ಅದನ್ನ ಸ್ವಲ್ಪ ಏರಿಸಿ, ಸಬ್‌ವೂಫರ್ ಇಳಿಸಿ.

ಉತ್ತರ 2 (ಬೀದರ್)
ನೆಲ ಶಹಾಬಾದ್ ಕಲ್ಲಾ? ನಮ್ಮನೆಯಲ್ಲೂ ಅದೇ. ಬರಿಗಲ್ಲಿಗೆ ಸೌಂಡ್ ಬಡಿದು ವಾಪಸ್ ಬರುತ್ತದೆ, ಮಾತು ಕಲಸಿಹೋಗುತ್ತದೆ. ದಪ್ಪ ಜಮಖಾನ ಹಾಸಿ, ಕಿಟಕಿಗೆ ಪರದೆ ಬಿಡಿ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಒಂದೆರಡು ಅಡಿ ಈಚೆ ಎಳೀರಿ, ಮೂಲೆಯಲ್ಲಿ ಗುಂಯ್ ಅನ್ನೋದು ಜಾಸ್ತಿ. ಇನ್ನೊಂದು, ಸ್ಪೀಕರಿನ ವ್ಯಾಟ್ ನೋಡುವಾಗ ಪಿಎಂಪಿಒ (ಕ್ಷಣ ಮಾತ್ರದ ಗರಿಷ್ಠ ಶಕ್ತಿ) ನಂಬಬೇಡಿ, ಅದು ಸುಮ್ನೆ ದೊಡ್ಡ ಸಂಖ್ಯೆ. ಆರ್‌ಎಂಎಸ್, ಅಂದ್ರೆ ಸತತವಾಗಿ ಕೊಡುವ ಶಕ್ತಿ ಎಷ್ಟು ಅಂತ ಕೇಳಿ.

ಪ್ರಶ್ನೆ ಕೇಳಿದವರು
ವೈರ್ ಬದಲಿಸಿದೆ, ಸೆಂಟರ್ 3 ಏರಿಸಿದೆ, ಜಮಖಾನನೂ ಹಾಸಿದೆ. ಅವ್ವ ಈಗ ಮಂಚದ ಮೇಲೆ ಕೂತೇ ನೋಡ್ತಿದ್ದಾಳೆ. ಭಾಳ ಉಪಕಾರ ಆಯ್ತು ರೀ.