ಕೆರೆಗೋಡು ಇಟ್ಟಿಗೆಗೆ ಆಗುತ್ತಾ?

ಚಿಂತಾಮಣಿ ಕಡೆಯವ:
ನಮ್ಮೂರ ಕೆರೆಯ ಹೂಳು ತೆಗೆದರು. ಎಂಟು ಟ್ರ್ಯಾಕ್ಟರ್ ಗೋಡು ನಮ್ಮ ಹೊಲದ ಬದುವಿನಲ್ಲಿ ಬಿದ್ದಿದೆ. ಮನೆಗೆ ಅದರಲ್ಲೇ ಇಟ್ಟಿಗೆ ಹೊಡೆಸೋಣ ಅಂತ ಯೋಚನೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಗಟ್ಟಿಯಾಗಿ ನಿಲ್ಲುತ್ತದೆ. ಅಷ್ಟು ಸಾಕಲ್ವಾ?

ಗೂಡಿನ ಮನೆಯವ:
ಸಾಲದು. ಜಿಗುಟು ಜಾಸ್ತಿ ಇದ್ದರೆ ಹಸಿ ಇಟ್ಟಿಗೆ ಒಣಗುವಾಗಲೇ ಸೀಳುತ್ತದೆ. ನಮ್ಮಪ್ಪ ಪೆನ್ಸಿಲ್ ದಪ್ಪಕ್ಕೆ ಮಣ್ಣು ಹೊಸೆದು ಬೆರಳಿಗೆ ಸುತ್ತುತ್ತಿದ್ದರು. ತುಂಡಾದರೆ ಮರಳು ಜಾಸ್ತಿ. ಒಂದು ಗೆರೆಯೂ ಬೀಳದಿದ್ದರೆ ಬರೀ ಜೇಡಿ. ಅಲ್ಲಲ್ಲಿ ಸಣ್ಣ ಬಿರುಕು ಬಿಟ್ಟರೆ ಅಚ್ಚಿಗೆ ಹಾಕು ಅನ್ನುತ್ತಿದ್ದರು. ನಮಗೆ ಅದೇ ಲ್ಯಾಬು.

ಸಿವಿಲ್ ಮೇಷ್ಟ್ರು:
ಬೆರಳಿಗೆ ಜಿಗುಟು ಗೊತ್ತಾಗುತ್ತದೆ, ಸುಣ್ಣ ಗೊತ್ತಾಗುವುದಿಲ್ಲ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ನುಣುಪು ಹುಡಿ, ಅದರ ಮೇಲೆ ಜೇಡಿ ಕೂರುತ್ತದೆ. ಜೇಡಿ ನೂರಕ್ಕೆ ಸುಮಾರು 20ರಿಂದ 30 ಭಾಗ ಇದ್ದರೆ ಇಟ್ಟಿಗೆಗೆ ಒಳ್ಳೆಯದು. ಆಮೇಲೆ ಹಸಿ ಪಟ್ಟಿ ಮಾಡಿ 10 ಸೆಂ.ಮೀ. ಗೆರೆ ಎಳೆಯಿರಿ. ನೆರಳಲ್ಲಿ ಒಣಗಿದ ಮೇಲೆ ಗೆರೆ 9 ಸೆಂ.ಮೀ.ಗೆ ಇಳಿದಿದ್ದರೆ ಮರಳು ಬೆರೆಸಲೇಬೇಕು.

ಗೂಡಿನ ಮನೆಯವ:
ಮೇಷ್ಟ್ರೇ, ಬಾಟಲಿ ಮಣ್ಣನ್ನು ಸುಡುವುದಿಲ್ಲ. ಇಪ್ಪತ್ತು ಇಟ್ಟಿಗೆ ಮಾಡಿ ಯಾರದಾದರೂ ಗೂಡಿನಲ್ಲಿ ಇಡಿಸಿ, ಆಗ ಗೊತ್ತಾಗುತ್ತದೆ.

ಸಿವಿಲ್ ಮೇಷ್ಟ್ರು:
ಅದನ್ನು ಒಪ್ಪಿದೆ. ಸುಟ್ಟದ್ದನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ಎರಡೂವರೆ ಕೆ.ಜಿ. ಇಟ್ಟಿಗೆ ಅರ್ಧ ಕೆ.ಜಿ.ಗಿಂತ ಜಾಸ್ತಿ ನೀರು ಕುಡಿದರೆ ಬೇಡ. ಸಾಮಾನ್ಯ ಇಟ್ಟಿಗೆಗೆ 20% ಮಿತಿ.

ಸಿಂಧನೂರಿನಿಂದ:
ನಮ್ಮ ಕಡೆ ಎರೆಮಣ್ಣು. ಬರೀ ಅದರಲ್ಲಿ ಹೊಡೆದರೆ ಒಣಗುವಷ್ಟರಲ್ಲಿ ಹಪ್ಪಳ! ಬೂದಿ, ಭತ್ತದ ಹೊಟ್ಟು ಕಲಸುತ್ತೇವೆ. ಸುಣ್ಣದ ವಿಷಯ ಮಾತ್ರ ಸುಮ್ನೆ ಬಿಡಬೇಡಿ. ನಮ್ಮನೆ ಇಟ್ಟಿಗೆ ಗೂಡಿನಿಂದ ಬಂದಾಗ ಕೆಂಪಗೆ ಕಂಚಿನ ಹಾಗೆ ಟಣ್ ಅನ್ನುತ್ತಿತ್ತು. ಮೊದಲ ಮಳೆಗಾಲದಲ್ಲಿ ಗೋಡೆ ತುಂಬಾ ಬಿಳಿ ಚುಕ್ಕೆ. ಒಂದೊಂದು ಚುಕ್ಕೆಯ ಸುತ್ತ ಕಾಸಿನಗಲ ಚಕ್ಕೆ ಎದ್ದು ಬಿತ್ತು. ಸುಣ್ಣಕಲ್ಲಿನ ಹರಳು ಗೂಡಿನಲ್ಲಿ ಸುಟ್ಟ ಸುಣ್ಣ ಆಗುತ್ತದೆ, ಆಮೇಲೆ ತೇವ ಕುಡಿದು ಉಬ್ಬುತ್ತದೆ. ಬಣ್ಣ ನೋಡಿ ಮೋಸ ಹೋಗಬೇಡಿ.

ಮಂಗಳೂರು ಹಂಚು:
ಮಧ್ಯೆ ಒಂದು ಮಾತು. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹಂಚು ಶುರುಮಾಡಿದ್ದು ನೇತ್ರಾವತಿ, ಗುರುಪುರ ಹೊಳೆ ದಡದ ಆವೆಮಣ್ಣು ನಂಬಿ. ತೆಳು ಹಂಚಿಗೆ ನಯವಾದ ಮಣ್ಣು ಸರಿ. ದಪ್ಪ ಇಟ್ಟಿಗೆಯ ಒಳಗಿನ ನೀರು ಹೊರಬರಲು ಮರಳು ಬೇಕು. ಒಂದೇ ಮಣ್ಣು ಎರಡಕ್ಕೂ ಆಗುವುದಿಲ್ಲ.

ಚಿಂತಾಮಣಿ ಕಡೆಯವ:
ಮೇಷ್ಟ್ರೇ, ಸುಣ್ಣ ಇದೆಯೋ ಇಲ್ಲವೋ ಮನೆಯಲ್ಲೇ ನೋಡೋದು ಹೇಗೆ?

ಸಿವಿಲ್ ಮೇಷ್ಟ್ರು:
ಬಚ್ಚಲು ತೊಳೆಯುವ ಆಸಿಡ್ ಒಣ ಹೆಂಟೆಯ ಮೇಲೆ ನಾಲ್ಕು ಹನಿ ಹಾಕಿ. ಕೈಗೆ ಗ್ಲೌಸ್ ಇರಲಿ, ಬಯಲಲ್ಲಿ ಮಾಡಿ. ನೊರೆ ಬಂದರೆ ಸುಣ್ಣ.

ಚಿಂತಾಮಣಿ ಕಡೆಯವ:
ಹಾಕಿದೆ. ಎರಡು ಹೆಂಟೆ ಸುಮ್ಮನಿದ್ದವು. ಮೂರನೆಯದು ಬುಸ್ ಅಂತು. ಒಡೆದು ನೋಡಿದರೆ ಒಳಗೆ ಬಸವನಹುಳದ ಚಿಪ್ಪಿನ ಚೂರು!

ಗೂಡಿನ ಮನೆಯವ:
ಅದೂ ಸುಣ್ಣವೇ. ಆ ರಾಶಿ ಬೇರೆ ಇಡಿ, ಒಣಗಿಸಿ ಪುಡಿಮಾಡಿ ಸಣ್ಣ ಜರಡಿ ಹಿಡಿದರೆ ಅರ್ಧಕ್ಕರ್ಧ ಹೋಗುತ್ತದೆ. ಮಿಕ್ಕ ಎರಡು ಹೆಂಟೆ ಏರಿ ಹತ್ತಿರದ್ದೋ, ನೀರು ಬರುವ ಬಾಯಿಯದ್ದೋ? ಬಾಯಿಯ ಕಡೆ ಮರಳು ನಿಲ್ಲುತ್ತದೆ, ಏರಿ ಕಡೆ ಜೇಡಿ. ಟ್ರ್ಯಾಕ್ಟರಿನವನನ್ನು ಕೇಳಿ, ಯಾವ ಲೋಡು ಎಲ್ಲಿಂದ ತುಂಬಿದ್ದು ಅಂತ.